ಹೀಟರ್ ನೀರು ಕುಡಿಯುವುದಿಲ್ಲ

ಚಳಿಗಾಲದಲ್ಲಿ ಮನೆಯನ್ನು ಕಾಯಿಸಿ ಬೆಚ್ಚಗಿಡಬೇಕಾದ ಊರುಗಳಲ್ಲಿ, ಅದು ದೆಹಲಿಯಾಗಲಿ ಟೊರಾಂಟೊ ಆಗಲಿ, ಒಂದು ನಂಬಿಕೆ ಯಾರ ತಕರಾರೂ ಇಲ್ಲದೆ ಬಾಳುತ್ತಿದೆ: ಹೀಟರ್ ಕೋಣೆಯ ಗಾಳಿಯಲ್ಲಿರುವ ತೇವವನ್ನೆಲ್ಲ ಹೀರಿಬಿಡುತ್ತದೆ. ಇದು ಮಾತಿನಲ್ಲಷ್ಟೇ ಉಳಿದಿಲ್ಲ, ಇದರಿಂದ ಆಚರಣೆಗಳೂ ವ್ಯಾಪಾರವೂ ಹುಟ್ಟಿಕೊಂಡಿವೆ. ದೆಹಲಿಯ ಮನೆಗಳಲ್ಲಿ ರೂಮ್ ಹೀಟರಿನ ಪಕ್ಕ ಒಂದು ಬೋಗುಣಿ ನೀರು ಇಡುತ್ತಾರೆ. ಎಣ್ಣೆ ತುಂಬಿದ ಹೀಟರುಗಳನ್ನು, ಇವು ಗಾಳಿಯನ್ನು ಒಣಗಿಸುವುದಿಲ್ಲ, ಆಕ್ಸಿಜನ್ ಸುಡುವುದಿಲ್ಲ ಎಂದು ಹೊಗಳಿ ಮಾರುತ್ತಾರೆ. ಕೆನಡಾದಲ್ಲಿ ನೆಲೆಸಿದ ಕನ್ನಡಿಗರೂ ಅಲ್ಲಿನ ನೆರೆಹೊರೆಯವರಂತೆಯೇ ನೆಲಮಾಳಿಗೆಯ ಫರ್ನೇಸನ್ನು ದೂರುತ್ತಾರೆ, ಅದರ ಡಕ್ಟಿಗೊಂದು ಹ್ಯುಮಿಡಿಫೈಯರ್ ಜೋಡಿಸಿ ಸಮಾಧಾನಪಡುತ್ತಾರೆ. ರೋಗ ನಿಜ, ಆದರೆ ಆರೋಪಿ ಬೇರೆ ಎಂಬುದು ನನ್ನ ವಾದ. ಆರೋಪಿಯನ್ನು ತಪ್ಪಾಗಿ ಗುರುತಿಸಿದ್ದರಿಂದ ಮದ್ದೂ ತಪ್ಪುತ್ತಿದೆ, ಕೆಲವೊಮ್ಮೆ ಮದ್ದೇ ಮನೆಯನ್ನು ಕೆಡಿಸುತ್ತಿದೆ.

ಈ ನಂಬಿಕೆಯ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡೋಣ, ಏಕೆಂದರೆ ಇದು ದಡ್ಡರ ನಂಬಿಕೆಯಲ್ಲ. ಹೀಟರ್ ಹಚ್ಚುವ ಕಾಲ ಬಂದೊಡನೆ ತುಟಿ ಒಡೆಯುತ್ತದೆ, ಬೆಳಗಿನ ಜಾವ ಗಂಟಲು ಅಂಟುತ್ತದೆ, ಕಬ್ಬಿಣದ ಬಾಗಿಲಹಿಡಿ ಮುಟ್ಟಿದರೆ ಚುರ್ ಎಂದು ಸ್ಥಿರವಿದ್ಯುತ್ತಿನ ಕಿಡಿ ಹಾರುತ್ತದೆ. ಮರದ ನೆಲಹಾಸಿನ ಹಲಗೆಗಳು ಕುಗ್ಗಿ ಸಂದು ಬಿಡುತ್ತವೆ. ಊರಿನಿಂದ ಒಯ್ದ ವೀಣೆಯ ಮೈ ಸೀಳುತ್ತದೆ. ಗೋಡೆಗೆ ತೂಗುಹಾಕಿದ ಆರ್ದ್ರತೆಯ ಮಾಪಕವೂ ಅದನ್ನೇ ಹೇಳುತ್ತದೆ: ಹೀಟರ್ ಹಚ್ಚಿದ ಅರ್ಧ ಗಂಟೆಯಲ್ಲಿ ಅದರ ಮುಳ್ಳು ಇಳಿಯುತ್ತದೆ. ಹಚ್ಚಿದಾಗ ಒಣಗುತ್ತದೆ, ಆರಿಸಿದಾಗ ಸರಿಹೋಗುತ್ತದೆ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಈ ತರ್ಕವನ್ನು ಬಿಡಿಸಿದರೆ ಅದರೊಳಗೆ ಮೂರು ಬೇರೆಬೇರೆ ಹೇಳಿಕೆಗಳಿವೆ:

1. ಹೀಟರ್ ಗಾಳಿಯಲ್ಲಿರುವ ನೀರಿನ ಪ್ರಮಾಣವನ್ನು ಕಡಿಮೆ ಮಾಡುತ್ತದೆ.
2. ಎಷ್ಟು ಕಡಿಮೆ ಮಾಡುತ್ತದೆಂಬುದು ಹೀಟರಿನ ಜಾತಿಯನ್ನು ಅವಲಂಬಿಸಿದೆ.
3. ಹೀಗೆ ಕಳೆದುಹೋದ ನೀರನ್ನು ಮರಳಿ ತುಂಬಿಸಿದರೆ ತೊಂದರೆ ನೀಗುತ್ತದೆ.

ಮೊದಲನೆಯದು ತಪ್ಪು. ಎರಡನೆಯದು ಅರ್ಧ ಸರಿ, ಆದರೆ ಹೇಳುವವರು ಅಂದುಕೊಂಡ ಕಾರಣಕ್ಕಲ್ಲ. ಮೂರನೆಯದು ಮನೆಯನ್ನು ನೋಡಿ ಹೇಳಬೇಕಾದ ಮಾತು. ಕಣ್ಣುಮುಚ್ಚಿ ಪಾಲಿಸಿದರೆ ಅಪಾಯ.

ಮೊದಲ ಹೇಳಿಕೆಯನ್ನು ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: ಹೀರಿದ ನೀರು ಎಲ್ಲಿ ಹೋಯಿತು? ಏರ್ ಕಂಡೀಷನರ್ ಕೋಣೆಯ ಗಾಳಿಯಿಂದ ನಿಜವಾಗಿಯೂ ನೀರು ತೆಗೆಯುತ್ತದೆ. ಅದರ ತಣ್ಣನೆಯ ಕಾಯಿಲನ್ನು ಸೋಕಿದ ಆವಿ ಹನಿಗಟ್ಟಿ, ಕೊಳವೆಯಲ್ಲಿ ಹರಿದು, ಗೋಡೆಯಾಚೆ ತೊಟ್ಟಿಕ್ಕುವುದನ್ನು ಯಾರು ಬೇಕಾದರೂ ನೋಡಬಹುದು. ವಿದ್ಯುತ್ ಹೀಟರಿನಲ್ಲಿ ಅಂಥ ತಣ್ಣನೆಯ ಮೈಯೂ ಇಲ್ಲ, ಕೊಳವೆಯೂ ಇಲ್ಲ. ಕೆಂಪಗೆ ಕಾದ ತಂತಿಯ ಬಳಿಗೆ ಬಂದ ನೀರಾವಿ ಇನ್ನಷ್ಟು ಬಿಸಿಯಾದ ನೀರಾವಿಯಾಗಿ ಹಿಂದಿರುಗುತ್ತದೆ, ಅಷ್ಟೆ. ಇಲ್ಲಿ ಒಂದು ಜಾಣ ಆಕ್ಷೇಪ ಬರಬಹುದು: ಈಗಿನ ಹೆಚ್ಚು ದಕ್ಷತೆಯ ಗ್ಯಾಸ್ ಫರ್ನೇಸುಗಳಿಂದ ಕೊಳವೆಯಲ್ಲಿ ನೀರು ಹರಿಯುವುದನ್ನು ಕಣ್ಣಾರೆ ಕಾಣುತ್ತೇವಲ್ಲ? ಹರಿಯುವುದು ನಿಜ, ಆದರೆ ಅದು ಕೋಣೆಯ ಗಾಳಿಯ ನೀರಲ್ಲ. ಗ್ಯಾಸಿನಲ್ಲಿರುವ ಹೈಡ್ರೋಜನ್ ಉರಿದಾಗ ಹುಟ್ಟುವ ಆವಿಯನ್ನು ಹೊಗೆಯೊಡನೆ ಹೊರಗೆ ಬಿಡುವ ಬದಲು, ತಂಪಾಗಿಸಿ, ಅದರ ಶಾಖವನ್ನೂ ಹಿಂಡಿಕೊಳ್ಳುವ ಯಂತ್ರ ಅದು. ಕೊಳವೆಯಲ್ಲಿರುವುದು ಇಂಧನದಿಂದ ಹುಟ್ಟಿದ ನೀರು.

ಹಾಗಾದರೆ ಮಾಪಕದ ಮುಳ್ಳು ಇಳಿದದ್ದು ಸುಳ್ಳೇ? ಸುಳ್ಳಲ್ಲ, ಅದು ಅಳೆಯುವುದು ಬೇರೆಯದನ್ನು. ಆ ಮುಳ್ಳು ತೋರಿಸುವುದು ಸಾಪೇಕ್ಷ ಆರ್ದ್ರತೆ. ಅಂದರೆ ಆ ಉಷ್ಣತೆಯಲ್ಲಿ ಆವಿಯಾಗಿ ಉಳಿಯಬಲ್ಲ ಗರಿಷ್ಠ ನೀರಿನಲ್ಲಿ ಈಗಿರುವುದು ಶೇಕಡಾ ಎಷ್ಟು ಎಂಬ ಲೆಕ್ಕ. ಆ ಗರಿಷ್ಠ ಮಿತಿ ಉಷ್ಣತೆಯೊಡನೆ ಧಾರಾಳವಾಗಿ ಏರುತ್ತದೆ. ಒಂದು ಕಿಲೊ ಒಣ ಗಾಳಿಯ ಜೊತೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3.8 ಗ್ರಾಂ ನೀರಾವಿ ಇರಬಲ್ಲದು. 10 ಡಿಗ್ರಿಯಲ್ಲಿ 7.6 ಗ್ರಾಂ, 20 ಡಿಗ್ರಿಯಲ್ಲಿ 14.7 ಗ್ರಾಂ, 30 ಡಿಗ್ರಿಯಲ್ಲಿ 27 ಗ್ರಾಂ. ಹತ್ತು ಡಿಗ್ರಿಗೊಮ್ಮೆ ಸರಿಸುಮಾರು ಇಮ್ಮಡಿ. ಈ ಮಿತಿಯನ್ನು ಗಾಳಿಯ ಗುಣವೆಂದು ತಿಳಿಯುವುದೂ ತಪ್ಪೇ. ಗಾಳಿಯೇ ಇಲ್ಲದ ಪಾತ್ರೆಯಲ್ಲೂ ನೀರಾವಿ ಅದೇ ಉಷ್ಣತೆಗೆ ಅದೇ ಒತ್ತಡದಲ್ಲಿ ನಿಲ್ಲುತ್ತದೆ ಎಂಬುದನ್ನು ಜಾನ್ ಡಾಲ್ಟನ್ 19ನೇ ಶತಮಾನದ ಮೊದಲ ವರ್ಷಗಳಲ್ಲೇ ತಿಳಿಸಿದ. ಈಗ 10 ಡಿಗ್ರಿಯ ಕೋಣೆಯೊಂದರಲ್ಲಿ ಕಿಲೊ ಗಾಳಿಗೆ 6 ಗ್ರಾಂ ಆವಿಯಿದೆ ಎನ್ನಿ. ಮಾಪಕ ಶೇ. 79 ತೋರಿಸುತ್ತದೆ. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ 21 ಡಿಗ್ರಿಗೆ ಕಾಯಿಸಿದರೆ ಅದೇ ಮಾಪಕ ಶೇ. 39 ತೋರಿಸುತ್ತದೆ. ಒಂದು ಹನಿಯೂ ಹೊರಹೋಗಿಲ್ಲ. ಹೀಟರ್ ಆರಿಸಿದರೆ ಮುಳ್ಳು ಮರಳಿ ಏರುತ್ತದೆ; ಹೀರಿದ ನೀರನ್ನು ಹೀಟರ್ ವಾಪಸು ಕೊಟ್ಟಿತೆಂದು ಯಾರೂ ಹೇಳುವುದಿಲ್ಲವಷ್ಟೆ?

ಮಲೆನಾಡಿನವರಿಗೆ ಈ ತತ್ವ ಅನುಭವದಿಂದ ಗೊತ್ತು. ಆಷಾಢದಲ್ಲಿ ಹೊರಗಿನ ಗಾಳಿ 22 ಡಿಗ್ರಿಯಲ್ಲಿ ಆವಿಯಿಂದ ತುಂಬಿ ತುಳುಕುವಾಗ ಅಂಗಳದ ತಂತಿಯ ಮೇಲಿನ ಬಟ್ಟೆ ವಾರವಾದರೂ ಆರುವುದಿಲ್ಲ; ಬಚ್ಚಲೊಲೆಯ ಹತ್ತಿರ ಹರವಿದ ಬಟ್ಟೆ ಆರುತ್ತದೆ. ಅದೇ ಗಾಳಿ ಒಲೆಯ ಬಳಿ 28 ಡಿಗ್ರಿಗೆ ಕಾದರೆ ಅದರ ಸಾಪೇಕ್ಷ ಆರ್ದ್ರತೆ ಶೇ. 70ಕ್ಕೆ ಇಳಿಯುತ್ತದೆ, ಬಟ್ಟೆಯಿಂದ ನೀರೆಳೆದುಕೊಳ್ಳುವಷ್ಟು ಜಾಗ ಹುಟ್ಟುತ್ತದೆ. ಗಾಳಿಯ ನೀರು ಕಡಿಮೆಯಾದ್ದರಿಂದ ಬಟ್ಟೆ ಒಣಗಿದ್ದಲ್ಲ. ಬಟ್ಟೆಯ ನೀರೂ ಸೇರಿ ಗಾಳಿಯ ನೀರು ಹೆಚ್ಚೇ ಆಗಿದೆ. ಆ ಹೆಚ್ಚಿದ ಆವಿ ಹೆಂಚಿನ ಸಂದುಗಳಿಂದ ಹೊರಟುಹೋಗುವುದರಿಂದ ಉಪಾಯ ಫಲಿಸುತ್ತದೆ. ಕಾಂಕ್ರೀಟಿನ ಮುಚ್ಚಿದ ಕೋಣೆಯಲ್ಲಿ ಹೀಟರಿನ ಮುಂದೆ ಬಟ್ಟೆ ಒಣಹಾಕಿದರೆ ಬಟ್ಟೆಯೇನೋ ಆರುತ್ತದೆ, ಅದರ ನೀರು ಹೋಗಿ ತಣ್ಣನೆಯ ಹೊರಗೋಡೆಯನ್ನು ಸೇರುತ್ತದೆ. ಶಾಖ ನೀರನ್ನು ಸ್ಥಳದಿಂದ ಎಬ್ಬಿಸುತ್ತದೆ. ಮನೆಯಿಂದ ಕಳಿಸುವುದು ಗಾಳಿಯ ಕೆಲಸ. ಈ ಎರಡು ಕೆಲಸಗಳನ್ನು ಒಂದೇ ಎಂದು ತಿಳಿದದ್ದೇ ಗೊಂದಲದ ಬೇರು.

ಈಗ ಟೊರಾಂಟೊದ ಮನೆಗೆ ಬರೋಣ. ಜನವರಿಯ ರಾತ್ರಿ ಹೊರಗೆ ಮೈನಸ್ 10 ಡಿಗ್ರಿ. ಆ ಗಾಳಿ ಪೂರ್ತಿ ಆವಿ ತುಂಬಿಕೊಂಡಿದ್ದರೂ ಅದರಲ್ಲಿರುವುದು ಕಿಲೊಗೆ 1.6 ಗ್ರಾಂ ನೀರು ಮಾತ್ರ. ಅದು ಒಳಗೆ ನುಸುಳಿ 21 ಡಿಗ್ರಿಗೆ ಕಾದಾಗ ಸಾಪೇಕ್ಷ ಆರ್ದ್ರತೆ ಶೇ. 10. ಅದಕ್ಕೆ ಮನೆಯವರ ಉಸಿರು, ಬೆವರು, ಅಡುಗೆ, ಸ್ನಾನದ ಆವಿ ಸೇರುತ್ತದೆ. ನಾಲ್ಕು ಜನರ ಮನೆಯಲ್ಲಿ ಇದು ದಿನಕ್ಕೆ 10 ಲೀಟರ್ ಎಂದಿಟ್ಟುಕೊಳ್ಳೋಣ. ಸೋರುವ ತೊಟ್ಟಿಗೆ ನಲ್ಲಿ ಬಿಟ್ಟರೆ ನೀರಿನ ಮಟ್ಟ ನಲ್ಲಿಯೊಂದರಿಂದಲೇ ನಿರ್ಧಾರವಾಗುವುದಿಲ್ಲ, ತೂತು ಎಷ್ಟು ದೊಡ್ಡದೆಂಬುದೂ ಸೇರಬೇಕು. ಮನೆಯ ಆವಿಯ ಲೆಕ್ಕವೂ ಹಾಗೆಯೇ. 300 ಘನ ಮೀಟರಿನ ಮನೆಯಲ್ಲಿ ಸುಮಾರು 360 ಕಿಲೊ ಗಾಳಿ ಇರುತ್ತದೆ. ಸಂದುಗಳಿಂದ ಸೋರಿ ಈ ಗಾಳಿ ಗಂಟೆಗೊಮ್ಮೆ ಪೂರ್ತಿ ಬದಲಾಗುತ್ತಿದ್ದರೆ ಒಳಗಿನ ಆರ್ದ್ರತೆ ಶೇ. 18ರಲ್ಲಿ ನಿಲ್ಲುತ್ತದೆ. ಎರಡು ಗಂಟೆಗೊಮ್ಮೆ ಬದಲಾದರೆ ಶೇ. 25. ಐದು ಗಂಟೆಗೊಮ್ಮೆ ಮಾತ್ರ ಬದಲಾದರೆ ಶೇ. 48. ಮೂರೂ ಮನೆಗಳಲ್ಲಿ ಹೀಟರ್ ಅದೇ, ಥರ್ಮೋಸ್ಟಾಟಿನ ಅಂಕಿ ಅದೇ, ವಾಸಿಸುವವರೂ ಅಷ್ಟೇ ಜನ. ಮೊದಲ ಮನೆಯಲ್ಲಿ ತುಟಿ ಒಡೆಯುತ್ತದೆ, ಮೂರನೆಯದರಲ್ಲಿ ಕಿಟಕಿಯ ಅಂಚು ಬೆವರುತ್ತದೆ. ಹೀಟರೇ ಆರೋಪಿಯಾಗಿದ್ದರೆ ಈ ವ್ಯತ್ಯಾಸ ಬರಲು ಸಾಧ್ಯವೇ ಇರಲಿಲ್ಲ.

ಒಂದು ಆಕ್ಷೇಪವನ್ನು ಇಲ್ಲಿ ಗಂಭೀರವಾಗಿ ತೂಗಬೇಕು. ನೀರಿನ ಪ್ರಮಾಣ ಬದಲಾಗದಿದ್ದರೇನಂತೆ, ದೇಹಕ್ಕೂ ಮರಕ್ಕೂ ತಟ್ಟುವುದು ಸಾಪೇಕ್ಷ ಆರ್ದ್ರತೆಯೇ, ಅದನ್ನು ಇಳಿಸಿದ್ದು ಹೀಟರೇ, ಆದ್ದರಿಂದ ಹೀಟರ್ ಒಣಗಿಸುತ್ತದೆ ಎಂದರೆ ತಪ್ಪೇನು? ಮರದ ಮಟ್ಟಿಗೆ ಈ ಮಾತನ್ನು ಒಪ್ಪಬೇಕು. ವೀಣೆಯ ಹಲಸಿನ ಮರ ಕೋಣೆಯ ಉಷ್ಣತೆಗೇ ಬಂದು ನಿಲ್ಲುತ್ತದೆ, ಸುತ್ತಲಿನ ಸಾಪೇಕ್ಷ ಆರ್ದ್ರತೆಗೆ ತಕ್ಕಂತೆ ತನ್ನೊಳಗಿನ ತೇವವನ್ನು ಬಿಡುತ್ತದೆ ಅಥವಾ ಹೀರುತ್ತದೆ. ಆದರೆ ಮೂಗು ಗಂಟಲುಗಳ ಲೆಕ್ಕ ಬೇರೆ. ಉಸಿರಿನ ಗಾಳಿ ಎಷ್ಟೇ ತಣ್ಣಗಿರಲಿ, ಶ್ವಾಸಕೋಶ ಮುಟ್ಟುವಷ್ಟರಲ್ಲಿ ದೇಹ ಅದನ್ನು ತನ್ನ ಉಷ್ಣತೆಗೆ ಕಾಯಿಸಿ ಆವಿಯಿಂದ ತುಂಬಿಸುತ್ತದೆ. ಅದಕ್ಕೆ ಬೇಕಾಗುವ ನೀರು ಗಾಳಿ ಮೊದಲೇ ತಂದ ಗ್ರಾಂಗಳನ್ನು ಅವಲಂಬಿಸಿದೆ, ಶೇಕಡಾವಾರನ್ನಲ್ಲ. ಬೀದಿಯ ಮೈನಸ್ 10 ಡಿಗ್ರಿಯ ಗಾಳಿ ಮಾಪಕದಲ್ಲಿ ತೇವವಾಗಿ ಕಂಡರೂ ಗಂಟಲಿಗೆ ಅದು ಒಳಗಿನ ಶೇ. 10ರ ಗಾಳಿಯಷ್ಟೇ ಒಣ. ಆದ್ದರಿಂದ ಗಂಟಲು ಒಣಗಿದ್ದಕ್ಕೆ ಹೀಟರನ್ನು ಬೈದು, ತೇವದ ಗಾಳಿ ಬರಲೆಂದು ಕಿಟಕಿ ತೆರೆಯುವವರು ಮಾಡುವುದು ತಮ್ಮ ಉದ್ದೇಶಕ್ಕೆ ಸರಿಯಾಗಿ ವಿರುದ್ಧವಾದ ಕೆಲಸ. ಮರದ ವಿಷಯದಲ್ಲೂ, ಕೋಣೆಯನ್ನು 10 ಡಿಗ್ರಿಯಲ್ಲಿ ಇಟ್ಟು ಬಾಳುವುದು ಯಾರ ಆಯ್ಕೆಯೂ ಅಲ್ಲವಾದ್ದರಿಂದ ಬದಲಿಸಬಹುದಾದದ್ದು ಉಷ್ಣತೆಯಲ್ಲ, ನೀರಿನ ಜಮಾಖರ್ಚು. ಆ ಜಮಾಖರ್ಚಿನಲ್ಲಿ ಹೀಟರಿನ ಹೆಸರಿಲ್ಲ.

ಎರಡನೆಯ ಹೇಳಿಕೆಗೆ ಬಂದರೆ, ಬೇರೆಬೇರೆ ಹೀಟರುಗಳು ಬೇರೆಬೇರೆಯಾಗಿ ಅನುಭವಕ್ಕೆ ಬರುವುದು ಭ್ರಮೆಯಲ್ಲ. ಫ್ಯಾನ್ ಇರುವ ಬ್ಲೋವರ್ ಬಿಸಿಗಾಳಿಯನ್ನು ನೇರ ಮುಖಕ್ಕೆ ಬೀಸುತ್ತದೆ. ಬೀಸುವ ಗಾಳಿ ಚರ್ಮದಿಂದ ತೇವವನ್ನು ಬೇಗ ಒಯ್ಯುತ್ತದೆ. ಕೆಂಪಗೆ ಕಾಯುವ ತಂತಿ ತನ್ನ ಮೇಲೆ ಕೂತ ದೂಳನ್ನು ಸುಡುತ್ತದೆ, ಆ ಕಮಟು ಗಂಟಲನ್ನು ಕೆರಳಿಸುತ್ತದೆ. ಎಣ್ಣೆಯ ಹೀಟರಿನ ಮೈ ಅಷ್ಟು ಕಾಯುವುದಿಲ್ಲ, ಗಾಳಿಯನ್ನೂ ಬೀಸುವುದಿಲ್ಲ, ಹಿತವೆನಿಸುವುದು ಸಹಜ. ಆದರೆ ಅದೇ ಕೋಣೆಯನ್ನು ಅದೇ ಉಷ್ಣತೆಗೆ ತಂದರೆ ಎರಡರಲ್ಲೂ ಮಾಪಕ ತೋರಿಸುವ ಅಂಕಿ ಒಂದೇ. ಡಕ್ಟುಗಳ ಮೂಲಕ ಬಿಸಿಗಾಳಿ ಹಂಚುವ ಫರ್ನೇಸಿಗೆ ಬಿಸಿನೀರಿನ ರೇಡಿಯೇಟರಿಗಿಂತ ಕೆಟ್ಟ ಹೆಸರಿದೆ. ಅದಕ್ಕೂ ಒಂದು ಕಾರಣವಿದೆ, ಶಾಖದಲ್ಲಲ್ಲ, ಒತ್ತಡದಲ್ಲಿ. ಮಾಡಿನ ಕೆಳಗಿನ ಅಟ್ಟದಲ್ಲಿ ಹಾದುಹೋಗುವ ಡಕ್ಟು ಸೋರಿದರೆ ಮನೆಯ ಗಾಳಿ ಹೊರಗೆ ಪೋಲಾಗುತ್ತದೆ, ಒಳಗೆ ಒತ್ತಡ ಇಳಿಯುತ್ತದೆ, ಆ ಕೊರತೆ ತುಂಬಲು ಪ್ರತಿಯೊಂದು ಸಂದಿನಿಂದಲೂ ಹೊರಗಿನ ಒಣಗಾಳಿ ನುಗ್ಗುತ್ತದೆ. ಉರಿಗೆ ಬೇಕಾದ ಗಾಳಿಯನ್ನು ಕೋಣೆಯಿಂದಲೇ ಎಳೆದು ಚಿಮಣಿಯಲ್ಲಿ ಕಳಿಸುವ ಹಳೆಯ ಫರ್ನೇಸೂ ಇದನ್ನೇ ಮಾಡುತ್ತದೆ. ಇಲ್ಲಿ ಯಂತ್ರ ಅಪರಾಧಕ್ಕೆ ನೆರವಾದದ್ದು ನಿಜ. ಆದರೆ ಅದು ಮಾಡಿದ್ದು ಸೋರಿಕೆಯನ್ನು ಹೆಚ್ಚಿಸುವ ಕೆಲಸ. ಡಕ್ಟಿನ ಕೀಲುಗಳನ್ನು ಮುಚ್ಚಿ, ಉರಿಯ ಗಾಳಿಯನ್ನು ಹೊರಗಿನಿಂದಲೇ ಕೊಳವೆಯಲ್ಲಿ ತಂದರೆ ಅದೇ ಫರ್ನೇಸಿನ ಮೇಲಿನ ದೂರು ನಿಲ್ಲುತ್ತದೆ.

ಆಕ್ಸಿಜನ್ ಸುಡುವ ಮಾತು ಇದಕ್ಕಿಂತ ಅಪಾಯಕಾರಿ ಗೊಂದಲ. ವಿದ್ಯುತ್ ಹೀಟರಿನಲ್ಲಿ ಏನೂ ಉರಿಯುವುದಿಲ್ಲವಾದ್ದರಿಂದ ಆಕ್ಸಿಜನ್ ಖರ್ಚಾಗುವ ಪ್ರಶ್ನೆಯೇ ಇಲ್ಲ. ತಂತಿಯದಾಗಲಿ ಎಣ್ಣೆಯದಾಗಲಿ ವ್ಯತ್ಯಾಸವಿಲ್ಲ. ಆಕ್ಸಿಜನ್ ಉಣ್ಣುವುದು ಜ್ವಾಲೆ ಮತ್ತು ಕೆಂಡ. ಉರಿಯುವ ಇಂಧನ ಗಾಳಿಯನ್ನು ಒಣಗಿಸುತ್ತದೆ ಎಂಬ ನಂಬಿಕೆಯಂತೂ ತಲೆಕೆಳಗು: ಒಂದು ಕಿಲೊ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕಿಲೊ ನೀರಾವಿ ಹುಟ್ಟುತ್ತದೆ. 14.2 ಕಿಲೊ ಸಿಲಿಂಡರ್ ಮುಗಿಯುವಷ್ಟರಲ್ಲಿ ಅಡುಗೆಮನೆಯ ಗಾಳಿಗೆ 22 ಕಿಲೊ ನೀರು ಸೇರಿರುತ್ತದೆ. ಚಿಮಣಿಯಿಲ್ಲದ ಗ್ಯಾಸ್ ಹೀಟರ್ ಕೋಣೆಯನ್ನು ತೇವಗೊಳಿಸುತ್ತದೆ, ಜೊತೆಗೆ ಗಾಳಿ ಸಾಲದಾದಾಗ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡನ್ನೂ ಉಗುಳುತ್ತದೆ. ಉತ್ತರ ಭಾರತದ ಚಳಿಯಲ್ಲಿ ಮುಚ್ಚಿದ ಕೋಣೆಯೊಳಗೆ ಅಂಗೀಠಿಯ ಕೆಂಡ ಇಟ್ಟು ಮಲಗಿದವರು, ಬೆಂಗಳೂರಿನಲ್ಲಿ ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡವರು ಸತ್ತ ಸುದ್ದಿಗಳು ಮತ್ತೆ ಮತ್ತೆ ಬಂದಿವೆ. ನಿರಪಾಯಿಯಾದ ವಿದ್ಯುತ್ ತಂತಿಗೆ ಹೆದರಿ ಬೋಗುಣಿ ನೀರು ಇಡುವ ಸಮಾಜ ಈ ಜ್ವಾಲೆಯ ಬಗ್ಗೆ ಅಷ್ಟೇ ಎಚ್ಚರವಾಗಿಲ್ಲ ಎಂಬುದು ತಪ್ಪು ಕಾರಣ ಕಲಿಸುವ ತಪ್ಪು ಭಯದ ಫಲ.

ಇನ್ನು ಮೂರನೆಯ ಹೇಳಿಕೆ: ನೀರು ತುಂಬಿಸುವುದು. ಬೋಗುಣಿಯಿಂದ ಶುರುಮಾಡೋಣ. ಮೇಲಿನ ಲೆಕ್ಕದ ಮೊದಲ ಮನೆಯನ್ನು, ಅಂದರೆ ಗಂಟೆಗೊಮ್ಮೆ ಗಾಳಿ ಬದಲಾಗುವ ಸೋರುಮನೆಯನ್ನು, ಶೇ. 40ರ ಆರ್ದ್ರತೆಗೆ ತರಬೇಕಾದರೆ ದಿನಕ್ಕೆ ಸುಮಾರು 40 ಲೀಟರ್ ಆವಿ ಬೇಕು; ಮನೆಯವರೇ ಕೊಡುವ 10 ಕಳೆದರೂ 30 ಲೀಟರ್ ಬಾಕಿ. ಬೋಗುಣಿಯಿಂದ ದಿನಕ್ಕೆ ಅರ್ಧ ಲೀಟರ್ ಆರಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಹ್ಯುಮಿಡಿಫೈಯರ್ ಆ 30 ಲೀಟರನ್ನು ಕೊಡಬಲ್ಲದು, ಆದರೆ ನೀರನ್ನು ಆವಿಯಾಗಿಸಲು ಶಾಖ ತೆರಬೇಕು: ಲೀಟರಿಗೆ ಸುಮಾರು 0.68 ಯೂನಿಟ್, ದಿನಕ್ಕೆ 20 ಯೂನಿಟ್. ಅದೂ ಸೋರುವ ಸಂದುಗಳಿಂದಲೇ ಹೊರಹೋಗುತ್ತದೆ. ಇದೇ ಮನೆಯ ಸಂದುಗಳನ್ನು ಮುಚ್ಚಿ ಗಾಳಿಯ ಬದಲಾವಣೆಯನ್ನು ಐದು ಗಂಟೆಗೊಮ್ಮೆಗೆ ಇಳಿಸಿದರೆ ನೀರು ತುಂಬಿಸುವ ಅಗತ್ಯವೇ ಇಲ್ಲ. ಮೇಲಾಗಿ ಹೊರಗಾಳಿಯನ್ನು ಕಾಯಿಸಲು ಎಡೆಬಿಡದೆ ಖರ್ಚಾಗುತ್ತಿದ್ದ 3.1 ಕಿಲೊವ್ಯಾಟಿನಲ್ಲಿ ಸುಮಾರು 2.5 ಕಿಲೊವ್ಯಾಟ್ ಉಳಿಯುತ್ತದೆ. ಒಂದು ಮದ್ದು ರೋಗದ ಮೇಲೆ ಹಣ ಸುರಿಯುತ್ತದೆ, ಇನ್ನೊಂದು ರೋಗವನ್ನೇ ಕಳೆದು ಹಣ ಉಳಿಸುತ್ತದೆ.

ಖರ್ಚಿಗಿಂತ ದೊಡ್ಡ ಸಮಸ್ಯೆ ಗೋಡೆಯದು. 21 ಡಿಗ್ರಿಯಲ್ಲಿ ಶೇ. 40 ಆರ್ದ್ರತೆಯ ಗಾಳಿ 7 ಡಿಗ್ರಿಯ ಮೈಯನ್ನು ಸೋಕಿದರೆ ಹನಿಗಟ್ಟುತ್ತದೆ. ಆ 7 ಡಿಗ್ರಿಯೇ ಅದರ ಇಬ್ಬನಿ ಬಿಂದು. ಹೊರಗೆ ಮೈನಸ್ 10 ಇದ್ದಾಗ ಒಂಟಿ ಗಾಜಿನ ಕಿಟಕಿಯ ಒಳಮೈ ಸೊನ್ನೆಗಿಂತಲೂ ಕೆಳಗಿರುತ್ತದೆ. ಅಂಥ ಮನೆಯಲ್ಲಿ ಆರ್ದ್ರತೆ ಶೇ. 20 ದಾಟಿದೊಡನೆ ಗಾಜಿನ ಮೇಲೆ ನೀರು, ಆಮೇಲೆ ಮಂಜು. ಎರಡು ಪದರದ ಗಾಜಾದರೆ ನಡುಭಾಗ 9-10 ಡಿಗ್ರಿಯಷ್ಟಿರುವುದರಿಂದ ಶೇ. 45ರ ಆಸುಪಾಸಿನವರೆಗೆ ತಾಳುತ್ತದೆ. ಕಣ್ಣಿಗೆ ಕಾಣುವ ಗಾಜಿನ ನೀರನ್ನು ಒರೆಸಬಹುದು. ಕಾಣದ ಜಾಗಗಳ ಕಥೆ ಕೆಟ್ಟದ್ದು. ಹೊರಗೋಡೆಗೆ ಒತ್ತಿಟ್ಟ ಬೀರುವಿನ ಹಿಂದಿನ ಮೂಲೆ 12 ಡಿಗ್ರಿ ಇದ್ದರೆ, ಕೋಣೆಯ ನಡುವೆ 20 ಡಿಗ್ರಿಯಲ್ಲಿ ಶೇ. 50 ಎಂದು ತೋರುವ ಅದೇ ಗಾಳಿ ಆ ಮೂಲೆಯಲ್ಲಿ ಶೇ. 83 ಆಗುತ್ತದೆ. ಬೂಷ್ಟು ಬೆಳೆಯಲು ಹನಿ ಮೂಡಬೇಕಾಗಿಲ್ಲ, ಶೇ. 80ರ ಸುತ್ತಮುತ್ತ ಬಹುಕಾಲ ನಿಂತರೆ ಸಾಕು. ಬಳಸದ ಕೋಣೆಯ ಹೀಟರ್ ಆರಿಸಿ ಬಾಗಿಲನ್ನು ತೆರೆದಿಡುವವರಿಗೂ ಇದೇ ಗತಿ: ಶಾಖ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಆವಿ ತಲುಪುತ್ತದೆ. ಬಿಸಿಗಾಳಿ ಮೇಲೇರಿ ಮಾಡಿನ ಸಂದುಗಳಿಂದ ನುಸುಳುವಾಗ ಹ್ಯುಮಿಡಿಫೈಯರ್ ಕೊಟ್ಟ ನೀರನ್ನೂ ಒಯ್ದು ಅಟ್ಟದ ತಣ್ಣನೆಯ ಹಲಗೆಗಳ ಮೇಲೆ ಇಡುತ್ತದೆ. ಚಳಿಗಾಲವಿಡೀ ಹೆಪ್ಪುಗಟ್ಟಿದ್ದು ವಸಂತದಲ್ಲಿ ಕರಗಿ ತೊಟ್ಟಿಕ್ಕಿದಾಗ ಮಾಡು ಸೋರುತ್ತಿದೆಯೆಂದು ಮನೆಯವರು ಮೇಸ್ತ್ರಿಯನ್ನು ಕರೆಯುತ್ತಾರೆ. ಆದ್ದರಿಂದ ಮನೆಗೆ ಎಷ್ಟು ಆರ್ದ್ರತೆ ಸರಿ ಎಂಬುದನ್ನು ಗಂಟಲೊಂದೇ ನಿರ್ಧರಿಸಲಾಗದು; ಅತಿ ತಣ್ಣನೆಯ ಮೈಗೂ ಅದರಲ್ಲಿ ಮತವಿದೆ.

ಕೊನೆಯ ಆಕ್ಷೇಪ ಹೀಗಿರಬಹುದು: ಸಂದುಗಳನ್ನೆಲ್ಲ ಮುಚ್ಚಿ ಎನ್ನುತ್ತೀರಿ, ಮನೆ ಉಸಿರಾಡಬೇಡವೇ? ಆಡಬೇಕು, ಆದರೆ ಗೋಡೆಯ ಬಿರುಕಿನಿಂದಲ್ಲ. ಸಂದುಗಳ ಗಾಳಿ ನಮ್ಮ ಅಗತ್ಯ ನೋಡಿ ಬರುವುದಿಲ್ಲ. ಹೊರಗೆ ಚಳಿ ಹೆಚ್ಚಿ, ಬಿಸಿಗಾಳಿಯ ಏರುಸೆಳೆತ ಬಲವಾದಷ್ಟೂ ಹೆಚ್ಚು ನುಗ್ಗುತ್ತದೆ, ಅಂದರೆ ಅತಿ ಒಣಗಾಳಿಯ ದಿನವೇ ಅತಿ ಹೆಚ್ಚು. ಹಿತವಾದ ಹವೆಯ ದಿನ, ಜನ ತುಂಬಿದ ಮನೆಯಲ್ಲಿ, ಅದು ಸಾಕಷ್ಟು ಬರುವುದಿಲ್ಲ. ಕೆನಡಾದ ರಿಜೈನಾದಲ್ಲಿ 1977ರಲ್ಲಿ ಕಟ್ಟಿದ ಸಸ್ಕಾಚೆವಾನ್ ಕನ್ಸರ್ವೇಷನ್ ಹೌಸ್ ಈ ಪ್ರಶ್ನೆಗೆ ಉತ್ತರವನ್ನು ಕಟ್ಟಡದ ರೂಪದಲ್ಲೇ ಕೊಟ್ಟಿತು: ಗೋಡೆ ಮಾಡುಗಳನ್ನು ಗಾಳಿ ಸೋರದಂತೆ ಬಿಗಿಮಾಡಿ, ಬೇಕಾದಷ್ಟು ತಾಜಾ ಗಾಳಿಯನ್ನು ಫ್ಯಾನಿನಿಂದ ತಂದು, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವುದು. ಬಿಗಿಯಾದ ಮನೆಗೆ ಇಂಥ ಏರ್ಪಾಡು ಅಲಂಕಾರವಲ್ಲ, ಷರತ್ತು. ಅದಿಲ್ಲದೆ ಬಿಗಿಮಾಡಿದರೆ ಒಣಗಂಟಲಿನ ಬದಲು ಬೂಷ್ಟು ಹಿಡಿದ ಗೋಡೆ ಸಿಗುತ್ತದೆ. ಚಿಮಣಿಯಿಲ್ಲದ ಜ್ವಾಲೆಯೂ ಒಳಗಿದ್ದರೆ ಜೀವಕ್ಕೇ ಸಂಚಕಾರ.

ಹಾಗಾಗಿ ಒಣಗಾಳಿಯ ದೂರು ಎದ್ದಾಗ ಯಾವ ಹೀಟರ್ ಕೊಳ್ಳಬೇಕೆಂಬ ಪ್ರಶ್ನೆ ಕೊನೆಯದಾಗಬೇಕು. ಮೊದಲು ಕೇಳಬೇಕಾದ್ದು, ಹೊರಗಿನ ಗಾಳಿ ಎಲ್ಲಿಂದ, ಎಷ್ಟು ಒಳಬರುತ್ತಿದೆ; ಅದನ್ನು ಎಳೆಯುತ್ತಿರುವುದು ಚಿಮಣಿಯೋ, ಸೋರುವ ಡಕ್ಟೋ, ಮಾಡಿನ ಸಂದೋ. ಎರಡನೆಯದು, ಮನೆಯೊಳಗೆ ದಿನಕ್ಕೆ ಎಷ್ಟು ನೀರು ಆವಿಯಾಗುತ್ತಿದೆ. ಮೂರನೆಯದು, ಮನೆಯ ಅತಿ ತಣ್ಣನೆಯ ಮೈ ಯಾವುದು, ಅದು ಎಷ್ಟು ಆವಿಯನ್ನು ತಾಳಬಲ್ಲದು. ಈ ಮೂರಕ್ಕೆ ಉತ್ತರ ಸಿಕ್ಕ ಮೇಲೂ ಗಾಳಿ ಒಣಗಿಯೇ ಉಳಿದರೆ, ಆಗ ಹ್ಯುಮಿಡಿಫೈಯರ್ ಇಡುವುದು ನ್ಯಾಯ. ಗಾಜು ಬೆವರುವ ಮೊದಲೇ ನಿಲ್ಲಿಸುವ ಅಂಕೆಯೊಂದಿಗೆ. ಹೀಟರಿನ ಮೇಲೆ ಆರೋಪ ಹೊರಿಸುವುದು ಸುಲಭ, ಏಕೆಂದರೆ ಅದು ಕಣ್ಣಮುಂದಿದೆ, ಗುಂಡಿಯೊತ್ತಿದರೆ ಆರುತ್ತದೆ, ಅಂಗಡಿಯಲ್ಲಿ ಬದಲಿ ಸಿಗುತ್ತದೆ. ಸೋರುವ ಸಂದಿಗೆ ಗುಂಡಿಯೂ ಇಲ್ಲ, ಜಾಹೀರಾತೂ ಇಲ್ಲ. ಹೊಸ ಹೀಟರಿಗೆಂದು ತೆಗೆದಿಟ್ಟ ದುಡ್ಡು ಮೊದಲು ಆ ಸಂದು ಮುಚ್ಚುವುದಕ್ಕೆ ಹೋಗಲಿ.